ತಕ್ಕಡಿಯೊಂದೇ ಸಾಲದು

ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಗೆ ತೂಕವೊಂದನ್ನೇ ನೋಡಿ ಬೆಲೆ ಕಟ್ಟುವುದಿಲ್ಲ, ಬಣ್ಣವನ್ನೂ ಪರೀಕ್ಷಿಸುವರು. ದೇಹದ ವಿಷಯದಲ್ಲಿಯೂ ಅದೇ ವಿವೇಕ ಬೇಕು. ಹಾವೇರಿ, ರಾಣೆಬೆನ್ನೂರುಗಳ ತೆಳ್ಳನೆಯವರು ಸಿಹಿಮೂತ್ರರೋಗ ತಮಗಲ್ಲವೆಂದು ನಿಶ್ಚಿಂತರಾಗಿರುವುದು ಸಲ್ಲದು.

2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕರೂ ಲಂಡನ್ನಿನ ಜಾನ್ ಯುಡ್ಕಿನ್ನರೂ ತಮ್ಮ ದೇಹಗಳ ಅಳತೆಯನ್ನೇ ಪ್ರಕಟಿಸಿದರು. ದೇಹತೂಕದ ಸೂಚ್ಯಂಕ ಇಬ್ಬರದೂ 22.3, ಆದರೆ ಕೊಬ್ಬು ಯಾಜ್ಞಿಕರಲ್ಲಿ ಶೇ. 21.2, ಯುಡ್ಕಿನ್ನರಲ್ಲಿ ಶೇ. 9.1. ಇಂತಹ ಕೊಬ್ಬು ಹೊಟ್ಟೆಯೊಳಗೂ ಯಕೃತ್ತಿನಲ್ಲಿಯೂ ಸೇರಿದಾಗ ಇನ್ಸುಲಿನ್ನಿನ ಆಜ್ಞೆ ದುರ್ಬಲವಾಗುವುದು; ಗ್ಲೂಕೋಸು ರಕ್ತದಲ್ಲಿಯೇ ಉಳಿಯುವುದು.

ಆದುದರಿಂದ ಆರೋಗ್ಯ ತಪಾಸಣೆಯಲ್ಲಿ ತೂಕದೊಡನೆ ಸೊಂಟದ ಸುತ್ತಳತೆಯನ್ನೂ ಬರೆದಿಡಬೇಕು. ವಿದ್ಯಾರ್ಥಿಗಳೇ, ಮನೆಯ ಹಿರಿಯರಿಗೆ ಅಳತೆಯ ಪಟ್ಟಿ ಹಿಡಿಯಿರಿ: ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರು ಮೀರಿದ್ದರೆ ರಕ್ತಪರೀಕ್ಷೆಗೆ ಕರೆದೊಯ್ಯಿರಿ.