ಬೆಟ್ಟವೋ, ಗದ್ದೆಬಯಲೋ?

1965ರ ಮಾರ್ಚ್ 8ರಂದು ಅಮೆರಿಕದ ಮರೀನ್ ಸೈನಿಕರು ದಕ್ಷಿಣ ವಿಯೆಟ್ನಾಮಿನ ಡಾ ನಾಂಗ್ ಕಡಲತೀರದಲ್ಲಿ ಬಂದಿಳಿದಾಗ ಅವರನ್ನು ಎದುರುಗೊಂಡದ್ದು ಗುಂಡಿನ ಮಳೆಯಲ್ಲ, ಹೂಮಾಲೆ ಹಿಡಿದ ಹುಡುಗಿಯರು. ಕೊರಳಲ್ಲಿ ಮಾಲೆ ಇದ್ದರೂ ಮುಖದಲ್ಲಿ ನಗುವಿಲ್ಲದೆ ನಿಂತ ಬ್ರಿಗೇಡಿಯರ್ ಜನರಲ್ ಕಾರ್ಚ್ ಅವರ ಅಂದಿನ ಚಿತ್ರ ಬಹಳ ಪ್ರಸಿದ್ಧ. ಬಂದವರು ಸುಮಾರು 3,500 ಮಂದಿ. ಅವರಿಗೆ ವಹಿಸಿದ್ದ ಕೆಲಸ ವಿಮಾನ ನಿಲ್ದಾಣದ ಕಾವಲು. ಮೂರೇ ವರ್ಷಗಳಲ್ಲಿ ಆ ಸಂಖ್ಯೆ 80 ಸಾವಿರ ದಾಟಿತು.

ಮರೀನರೆಂದರೆ ಹಡಗಿನಲ್ಲಿ ಸಾಗಿ, ದಡಕ್ಕಿಳಿದು ಕಾದಾಡುವ ಸೈನಿಕರು. ಅಮೆರಿಕದಲ್ಲಿ ಅವರದು ಭೂಸೇನೆಗೆ ಸೇರದ ಪ್ರತ್ಯೇಕ ಪಡೆ. ಸ್ವಂತ ಯುದ್ಧವಿಮಾನಗಳೂ ಉಂಟು. ವಿಯೆಟ್ನಾಮಿನಲ್ಲಿದ್ದ ಅವರ ಕಮಾಂಡಿಗೆ 1965ರ ಮೇ ತಿಂಗಳಲ್ಲಿ 'ಮೂರನೆಯ ಮರೀನ್ ಎಕ್ಸ್‌ಪೆಡಿಷನರಿ ಫೋರ್ಸ್' ಎಂದು ಹೆಸರಿಟ್ಟರು. ಆದರೆ ಹಿಂದೆ ಅಲ್ಲಿ ಆಳಿದ ಫ್ರೆಂಚರ ಸೈನ್ಯಕ್ಕೂ 'ಎಕ್ಸ್‌ಪೆಡಿಷನರಿ' ಎಂಬ ಹೆಸರೇ ಇತ್ತು. ಜನರಿಗೆ ಹಳೆಯ ಗಾಯ ನೆನಪಾದೀತೆಂದು ಕೆಲವೇ ದಿನಗಳಲ್ಲಿ ಆ ಪದವನ್ನು ತೆಗೆದು 'ಆಂಫಿಬಿಯಸ್' ಎಂದು ಸೇರಿಸಿದರು. ಹೆಸರು ಬದಲಾದ ಮಾತ್ರಕ್ಕೆ ಹಳ್ಳಿಯವರು ಪರದೇಶದ ಬಂದೂಕನ್ನು ಬೇರೆ ಕಣ್ಣಿನಿಂದ ನೋಡಿದರೇ ಎಂಬುದು ಬೇರೆ ಮಾತು.

ಕಮಾಂಡಿನ ಪಾಲಿಗೆ ಬಂದದ್ದು ಉತ್ತರದ ಐದು ಪ್ರಾಂತಗಳು. ಪಶ್ಚಿಮಕ್ಕೆ ದಟ್ಟ ಕಾಡಿನ ಬೆಟ್ಟಸಾಲು, ಪೂರ್ವಕ್ಕೆ ಸಮುದ್ರ, ನಡುವೆ ಕಿರಿದಾದ ಭತ್ತದ ಬಯಲು. ಜನರೆಲ್ಲ ಹೆಚ್ಚುಕಡಿಮೆ ಆ ಬಯಲಿನಲ್ಲೇ. ಹೋರಾಡಬೇಕಾದ್ದು ಎಲ್ಲಿ? ಜೂನ್‌ನಲ್ಲಿ ಅಧಿಕಾರ ವಹಿಸಿಕೊಂಡ ಜನರಲ್ ಲೂಯಿಸ್ ವಾಲ್ಟ್ ಬಯಲು ಎಂದರು. ಸುಗ್ಗಿಯ ಕಾಲಕ್ಕೆ ವಿಯೆಟ್‌ಕಾಂಗ್ ಗೆರಿಲ್ಲಾಗಳು ಬಂದು ಅಕ್ಕಿಯನ್ನು ಕಂದಾಯವೆಂದು ಒಯ್ಯುತ್ತಿದ್ದರು. ಮರೀನರು ರೈತರ ಕೊಯ್ಲಿಗೆ ಕಾವಲು ನಿಂತರು.

ಅದಕ್ಕಿಂತ ದಿಟ್ಟ ಪ್ರಯೋಗ ಶುರುವಾದದ್ದು ಅದೇ ಆಗಸ್ಟ್‌ನಲ್ಲಿ, ಫು ಬಾಯ್ ಸುತ್ತಿನ ಹಳ್ಳಿಗಳಲ್ಲಿ. ಹದಿನಾಲ್ಕು ಮರೀನರು, ನೌಕಾಪಡೆಯ ಒಬ್ಬ ವೈದ್ಯಕೀಯ ಸಹಾಯಕ, ಊರಿನದೇ ಸುಮಾರು 35 ಕಾವಲುಗಾರರು - ಇಷ್ಟು ಜನ ಹಳ್ಳಿಯಲ್ಲೇ ಠಿಕಾಣಿ ಹೂಡಿ, ರಾತ್ರಿ ಜೊತೆಯಾಗಿ ಗಸ್ತು ತಿರುಗುವುದು. ಬಿನ್ ನಿಯಾ ಎಂಬ ಹಳ್ಳಿಯ ಇಂಥ ಠಾಣ್ಯದ ಮೇಲೆ 1966ರ ಸೆಪ್ಟೆಂಬರ್‌ನಲ್ಲಿ ಗೆರಿಲ್ಲಾಗಳು ಮುಗಿಬಿದ್ದರು. ಹಲವರು ಸತ್ತರು. ಬದುಕುಳಿದವರಿಗೆ ಹಿಂದಿರುಗುವ ಅವಕಾಶವಿತ್ತು. ಅವರು ಅಲ್ಲೇ ಉಳಿದರು.

ಆದರೆ ಇದೊಂದೇ ಮುಖವಲ್ಲ. ಆ ಪ್ರಯೋಗ ಆರಂಭವಾದ ತಿಂಗಳಲ್ಲೇ ಡಾ ನಾಂಗ್ ಬಳಿಯ ಕಾಮ್ ನೆ ಹಳ್ಳಿಯಲ್ಲಿ ಮರೀನರು ಸಿಗರೇಟ್ ಲೈಟರಿನಿಂದ ಹುಲ್ಲಿನ ಗುಡಿಸಲುಗಳಿಗೆ ಬೆಂಕಿಯಿಟ್ಟರು. ಅಮೆರಿಕದ ಮನೆಮನೆಗಳ ಟಿ.ವಿ.ಯಲ್ಲಿ ಜನ ಅದನ್ನು ಕಂಡು ಬೆಚ್ಚಿದರು.

ಇತ್ತ ವಿಯೆಟ್ನಾಮಿನಲ್ಲಿದ್ದ ಅಮೆರಿಕದ ಸೇನೆಗಳ ಮುಖ್ಯಸ್ಥ ಜನರಲ್ ವೆಸ್ಟ್‌ಮೋರ್‌ಲ್ಯಾಂಡ್ ಅವರಿಗೆ ಹಳ್ಳಿಯ ಕಾವಲು ರುಚಿಸಲಿಲ್ಲ. ಶತ್ರುವಿನ ದೊಡ್ಡ ದಳಗಳನ್ನು ಬೆಟ್ಟದಲ್ಲೇ ಹುಡುಕಿ ಹೊಡೆಯಬೇಕೆಂಬುದು ಅವರ ಪಟ್ಟು. ಅದನ್ನು ಹಟವೆಂದು ತಳ್ಳಿಹಾಕುವಂತಿಲ್ಲ. ಉತ್ತರ ವಿಯೆಟ್ನಾಮಿನ ಖಾಯಂ ಸೇನೆ ಗಡಿ ದಾಟಿ ಬರುತ್ತಿದ್ದುದು ನಿಜ. ಅದರೆದುರು ಹದಿನಾಲ್ಕು ಮಂದಿಯ ಠಾಣ್ಯ ಎಷ್ಟರದು? ಕೊನೆಗೆ ಅವರ ಮಾತೇ ನಡೆಯಿತು. 1966ರಿಂದ ಮರೀನ್ ದಳಗಳು ಒಂದೊಂದಾಗಿ ಉತ್ತರದ ಗಡಿಯತ್ತ ಸಾಗಿದವು. ಹಳ್ಳಿಗಳಲ್ಲಿ ನೆಲೆಸಿದ ತುಕಡಿಗಳು ಅತಿ ಹೆಚ್ಚೆಂದರೆ 114ಕ್ಕೆ ಏರಿದವು. ಎಂಬತ್ತು ಸಾವಿರದ ಪಡೆಯಲ್ಲಿ ಈ ಕೆಲಸಕ್ಕೆ ಸಿಕ್ಕವರು ಎರಡು ಸಾವಿರದ ಆಸುಪಾಸು.

1968ರ ಜನವರಿ 21ರಿಂದ ಖೆ ಸಾನ್ ಎಂಬ ಬೆಟ್ಟದ ನೆಲೆಯಲ್ಲಿ ಸುಮಾರು ಆರು ಸಾವಿರ ಸೈನಿಕರು 77 ದಿನ ಮುತ್ತಿಗೆಯಲ್ಲಿ ಸಿಲುಕಿದರು. ವಿಮಾನದಿಂದ ಇಳಿದ ಅನ್ನವೇ ಅನ್ನ, ಗುಂಡೇ ಗುಂಡು. ಲೋಕದ ಕಣ್ಣೆಲ್ಲ ಅಲ್ಲಿ ನೆಟ್ಟಿರುವಾಗ, ಜನವರಿ ಕೊನೆಯ ರಾತ್ರಿ ವಿಯೆಟ್ನಾಮೀಯರ ಹೊಸವರ್ಷದ ಹಬ್ಬದಲ್ಲೇ ನಗರಗಳ ಮೇಲೆ ದಾಳಿಯಾಯಿತು. ಪ್ರಾಚೀನ ರಾಜಧಾನಿ ಹುಯೆಯನ್ನು ಬೀದಿ ಬೀದಿಯಲ್ಲಿ ಕಾದಾಡಿ ಮರಳಿ ಪಡೆಯಲು ಮರೀನರಿಗೂ ದಕ್ಷಿಣ ವಿಯೆಟ್ನಾಮ್ ಸೇನೆಗೂ ಮೂರು ವಾರಕ್ಕೂ ಮಿಗಿಲು ಹಿಡಿಯಿತು. ಅಷ್ಟರಲ್ಲಿ ಊರು ಬಹುಪಾಲು ಕಲ್ಲುರಾಶಿಯಾಗಿತ್ತು. ಅಷ್ಟು ಪ್ರಾಣ ತೆತ್ತು ಉಳಿಸಿಕೊಂಡ ಖೆ ಸಾನನ್ನು ಅಮೆರಿಕನ್ನರು ಅದೇ ಜುಲೈನಲ್ಲಿ ತಾವಾಗಿಯೇ ಕೆಡವಿ ಹೊರಟುಹೋದರು.

1971ರ ಏಪ್ರಿಲ್‌ನಲ್ಲಿ ಕಮಾಂಡ್ ಜಪಾನಿನ ಓಕಿನಾವ ದ್ವೀಪಕ್ಕೆ ಸ್ಥಳಾಂತರಗೊಂಡಿತು. ಈ ಯುದ್ಧದಲ್ಲಿ ಮಡಿದ ಮರೀನರ ಸಂಖ್ಯೆ 13 ಸಾವಿರಕ್ಕೂ ಹೆಚ್ಚು. ಹೂಮಾಲೆಯ ಸ್ವಾಗತ ಸಿಕ್ಕ ಡಾ ನಾಂಗ್ 1975ರ ಮಾರ್ಚ್ 29ರಂದು ಉತ್ತರದವರ ವಶವಾಯಿತು. ಕಮಾಂಡ್ ಇಂದಿಗೂ ಓಕಿನಾವದಲ್ಲಿದೆ. 1988ರಲ್ಲಿ ಅದಕ್ಕೆ ಮತ್ತೆ 'ಎಕ್ಸ್‌ಪೆಡಿಷನರಿ' ಎಂಬ ಹೆಸರನ್ನೇ ಕೊಟ್ಟರು.