ಸೈಕಲ್ ಸವಾರನೂ ನಮ್ಮ ತೋಟದ ಮನೆಯೂ

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಒಂದು ವಿಷಯ ಚರ್ಚೆಗೆ ಬರಲಿದೆ. ಘಟ್ಟದ ರಸ್ತೆಯ ಅಂಚಿನಲ್ಲಿ ತೋಟವುಳ್ಳ ಕೆಲವು ಸದಸ್ಯರು, ಪ್ರವಾಸಿಗರಿಗಾಗಿ ಕಾಟೇಜು ಕಟ್ಟಲು ಸಂಘದಿಂದ ಸಾಲ ಬೇಕೆಂದು ಕೇಳಿದ್ದಾರೆ. ಅವರ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೆ ಈ ವಿಷಯದಲ್ಲಿ ನಮ್ಮ ಅಭಿಪ್ರಾಯ ಸ್ವಲ್ಪ ಬೇರೆಯಾಗಿದೆ. ಐದು ದಿನ ಸೈಕಲ್ಲಿನ ಸೀಟಿನ ಮೇಲೆ ಕುಳಿತು ಬಂದ ಅಭಿಪ್ರಾಯ ಅದು. ಆದ್ದರಿಂದ ಮೊದಲು ಆ ಪ್ರಯಾಣದ ಸಂಗತಿಯನ್ನೇ ಹೇಳುತ್ತೇವೆ.

ಕಳೆದ ಜನವರಿಯಲ್ಲಿ ಹೆಮ್ಮಿಗೆಯಿಂದ ನಾವು ನಾಲ್ವರು ಸೈಕಲ್ ತುಳಿದುಕೊಂಡು ಮಂಗಳೂರಿಗೆ ಹೋದೆವು. (ವಾಪಸು ಬಂದದ್ದು ಬಸ್ಸಿನಲ್ಲಿ, ಸುಳ್ಳು ಹೇಳಬಾರದು.) ಹೆಮ್ಮಿಗೆಯವರಾದ ನಾವು ಬಯಲುಸೀಮೆಯ ಜನ. ತೆಂಗು, ಅಡಿಕೆ, ಭತ್ತ ನಮ್ಮದು; ಕಾಫಿಯ ಸದಸ್ಯರೆಲ್ಲ ಘಟ್ಟದ ಕಡೆಯವರು. ವರ್ಷಕ್ಕೊಮ್ಮೆ ಸಭೆಯಲ್ಲಿ ಕೈಮುಗಿದು ಮಾತಾಡಿಸುವ ಅವರ ತೋಟಗಳನ್ನು ಒಮ್ಮೆ ನಿಧಾನವಾಗಿ ನೋಡಬೇಕೆಂಬ ಆಸೆಯಿತ್ತು. ಇಬ್ಬರದು ಗೇರಿನ ಹೊಸ ಸೈಕಲ್ಲು, ಇನ್ನಿಬ್ಬರದು ಹಾಲಿನ ಕ್ಯಾನು ಹೊತ್ತು ಪಳಗಿದ ಹಳೆಯವು. ಮೊದಲ ರಾತ್ರಿ ಹುಣಸೂರು, ಎರಡನೆಯದು ಮಡಿಕೇರಿ.

ಕುಶಾಲನಗರ ದಾಟಿದ ಮೇಲೆ ಏರು ಮೊದಲಾಗುತ್ತದೆ. ಸುಂಟಿಕೊಪ್ಪದಿಂದ ಮುಂದೆ ಹಳೆಯ ಸೈಕಲ್ಲಿನವರು ಇಳಿದು ತಳ್ಳಬೇಕಾಯಿತು. ತಳ್ಳಿಕೊಂಡು ನಡೆಯುವವನಿಗೆ ತೋಟ ಕಾಣುವ ರೀತಿಯೇ ಬೇರೆ. ಯಾರ ರೋಬಸ್ಟಾ ಇನ್ನೂ ಕೊಯ್ಲಾಗಿಲ್ಲ, ಯಾರು ಮರಗಸಿ ಚೆನ್ನಾಗಿ ಮಾಡಿಸಿದ್ದಾರೆ, ಯಾರ ಕಣದಲ್ಲಿ ಹಣ್ಣನ್ನು ತೀರ ದಪ್ಪನಾಗಿ ಹರಡಿದ್ದಾರೆ, ಎಲ್ಲವೂ ಕಣ್ಣಿಗೆ ಬೀಳುತ್ತದೆ. ಮಡಿಕೇರಿಯಲ್ಲಿ ನಾವು ಇಳಿದುಕೊಂಡ ವಸತಿಗೃಹದವರು ಸೈಕಲ್ಲುಗಳನ್ನು ಒಳಗೆ ಬಿಡಲಿಲ್ಲ. ರಾತ್ರಿಯಿಡೀ ಇಬ್ಬನಿಯಲ್ಲಿ ನೆನೆದ ಚೈನುಗಳು ಬೆಳಿಗ್ಗೆ ಕೆಂಪಗಾಗಿದ್ದವು.

ಮೂರನೆಯ ದಿನ ಇಳಿಜಾರು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಸುಳ್ಯ ಮುಟ್ಟುವ ಹೊತ್ತಿಗೆ ಅದರಲ್ಲಿ ಸಾವಿರ ಮೀಟರಿನಷ್ಟು ಇಳಿದಿರುತ್ತೇವೆ. ಏರಿಗಿಂತ ಇಳಿಜಾರೇ ಕಷ್ಟವೆಂದು ನಮಗೆ ಅಂದು ತಿಳಿಯಿತು. ಬ್ರೇಕು ಹಿಡಿದು ಹಿಡಿದು ಬೆರಳು ಮರಗಟ್ಟುತ್ತದೆ, ರಿಮ್ಮು ಮುಟ್ಟಿದರೆ ಸುಡುತ್ತದೆ. ಮದೆನಾಡು ಕಳೆದು ಜೋಡುಪಾಲದ ಬಳಿ ನಿಂತೆವು. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿ ಮನೆ, ತೋಟ, ಜೀವಗಳನ್ನು ಕೊಚ್ಚಿಕೊಂಡುಹೋದ ಜಾಗ ಅದು. ಕಾರಿನಲ್ಲಿ ಎಷ್ಟೋ ಸಲ ಅಲ್ಲಿ ಹಾದುಹೋಗಿದ್ದೆವು. ನಿಂತದ್ದು ಅದೇ ಮೊದಲು.

ಸಂಪಾಜೆಯ ಕೆಳಗೆ ಒಂದು ಸೈಕಲ್ಲಿನ ಬ್ರೇಕು ರಬ್ಬರು ಪೂರ್ತಿ ಸವೆದುಹೋಯಿತು. ಸಂಜೆಯಾಗಿತ್ತು. ರಸ್ತೆಯ ಪಕ್ಕದ ಮನೆಯವರು ಕರೆದು ಚಾವಡಿಯಲ್ಲಿ ಚಾಪೆ ಹಾಸಿದರು. ಬಿಸಿನೀರು, ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಹುರುಳಿ ಚಟ್ನಿ ಕೊಟ್ಟರು. ಅವರ ಒಂದೂವರೆ ಎಕರೆ ಅಡಿಕೆ ತೋಟಕ್ಕೆ ಹಳದಿ ಎಲೆ ರೋಗ ಹಿಡಿದು ಹತ್ತು ವರ್ಷದ ಮೇಲಾಗಿದೆಯಂತೆ. ಸಂಪಾಜೆ, ಸುಳ್ಯದ ಕಡೆಯ ಸದಸ್ಯರಿಗೆ ಈ ರೋಗದ ವಿಷಯ ನಾವು ಹೇಳಬೇಕಾದುದಿಲ್ಲ. ಅದಕ್ಕೆ ಇಂದಿಗೂ ಮದ್ದಿಲ್ಲ. ಬೆಳಿಗ್ಗೆ ಹೊರಡುವಾಗ ಹಣ ಕೊಡಹೋದರೆ ಮನೆಯಾಕೆ ಒಪ್ಪಲಿಲ್ಲ. "ಎಂತ ದುಡ್ಡು ಮಾರಾಯ್ರೆ, ಸೈಕಲ್ ತುಳಿದು ಬಂದವರ ಹತ್ತಿರ?" ಎಂದರು. ತೋಟ ಒಣಗುತ್ತಿರುವ ಮನೆಯಲ್ಲಿ ನಾಲ್ಕು ಆಳು ಪುಕ್ಕಟೆ ಉಂಡು ಹೊರಟೆವಲ್ಲ ಎಂಬ ಸಂಕೋಚ ಪುತ್ತೂರು ಮುಟ್ಟುವವರೆಗೂ ಹೋಗಲಿಲ್ಲ.

ನಮ್ಮ ಅಭಿಪ್ರಾಯ ಹುಟ್ಟಿದ್ದು ಅಲ್ಲಿಯೇ. ಮಡಿಕೇರಿಯಲ್ಲಿ ತಿಂಡಿ ತಿಂದು ಹೊರಟ ಕಾರು ಮಧ್ಯಾಹ್ನದ ಊಟಕ್ಕೆ ಮಂಗಳೂರು ಸೇರುತ್ತದೆ. ನಡುವಿನ ನೂರಾರು ಸಣ್ಣ ತೋಟಗಳಿಗೆ ಅದರಿಂದ ಸಿಗುವುದು ಧೂಳು ಮತ್ತು ಬಿಸಾಡಿದ ಬಾಟಲಿ. ಸೈಕಲ್ಲಿನವನು ಹಾಗೆ ಹೋಗಲಾರ. ಅವನಿಗೆ ನಡುವೆ ಒಂದು ರಾತ್ರಿ ಬೇಕು, ಎರಡು ಮೂರು ಕಡೆ ನೀರು ಬೇಕು, ಹೊಟ್ಟೆ ತುಂಬ ಅನ್ನ ಬೇಕು. ಕಾಟೇಜು ಬೇಡ. ಸೋರದ ಒಂದು ಕೋಣೆ, ಶುಚಿಯಾದ ಶೌಚಾಲಯ, ಬಿಸಿನೀರು, ಸೈಕಲ್ಲನ್ನು ಒಳಗಿಡಲು ಜಾಗ ಇದ್ದರೆ ಸಾಕು. ಇವು ನಮ್ಮ ಬಹಳಷ್ಟು ಸದಸ್ಯರ ಮನೆಯಲ್ಲಿ ಈಗಾಗಲೇ ಇವೆ, ಅಥವಾ ಸ್ವಲ್ಪ ಖರ್ಚಿನಲ್ಲಿ ಆಗುತ್ತವೆ.

ಇಂಥ ಸವಾರರು ಎಲ್ಲಿದ್ದಾರೆ ಎಂದು ಕೆಲವರು ಕೇಳಬಹುದು. 2008ರಲ್ಲಿ ಆರಂಭವಾದ 'ಟೂರ್ ಆಫ್ ನೀಲಗಿರೀಸ್' ಎಂಬ ಸೈಕಲ್ ಯಾತ್ರೆ ನಮ್ಮ ಘಟ್ಟಗಳ ರಸ್ತೆಗೆ ಹೊರಊರಿನ ಸವಾರರನ್ನು ಕರೆತಂದಿತು. ಮೈಸೂರಿನಲ್ಲಿ 2017ರಲ್ಲಿ 'ಟ್ರಿಣ್ ಟ್ರಿಣ್' ಬಾಡಿಗೆ ಸೈಕಲ್ ಬಂದಾಗ ನಕ್ಕವರ ಮಕ್ಕಳೇ ಈಗ ಭಾನುವಾರ ಚಾಮುಂಡಿ ಬೆಟ್ಟ ಹತ್ತುತ್ತಿದ್ದಾರೆ. ಇನ್ನೂರು ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸಲೇಬೇಕೆಂದು ತುಳಿಯುವ ಇನ್ನೊಂದು ಪಂಗಡವೂ ಇದೆ. ಅವರು ಎಲ್ಲಿಯೂ ನಿಲ್ಲುವುದಿಲ್ಲ. ಒಂದು ಲೋಟ ಉಪ್ಪು ಹಾಕಿದ ಮಜ್ಜಿಗೆ ಕೊಟ್ಟು ಬೀಳ್ಕೊಡೋಣ.

ನಮ್ಮ ತಂಡದಲ್ಲಿದ್ದ ಯುವಕರೊಬ್ಬರು ಕೆಲಸದ ನಿಮಿತ್ತ ಸ್ಪೇನಿನಲ್ಲಿದ್ದು, ಮೆಡಿಟರೇನಿಯನ್ ಸಮುದ್ರದ ಮಯೋರ್ಕಾ ದ್ವೀಪವನ್ನು ಸೈಕಲ್ಲಿನಲ್ಲಿ ಸುತ್ತಿಬಂದವರು. ಚಾವಡಿಯಲ್ಲಿ ಮಲಗಿ ಅವರು ಹೇಳಿದ ಸಂಗತಿಗಳು ನಮ್ಮ ನಿದ್ದೆ ಕೆಡಿಸಿದವು. ಆ ದ್ವೀಪ ನಮ್ಮ ಕೊಡಗಿಗಿಂತ ಚಿಕ್ಕದು, ಸುಮಾರು 3,640 ಚದರ ಕಿಲೋಮೀಟರ್. ಒಂದು ಅಂಚಿನಲ್ಲಿ ಸಮುದ್ರಕ್ಕೆ ಒತ್ತಿಕೊಂಡೇ ತ್ರಮುಂತಾನಾ ಪರ್ವತಸಾಲು. ಕಲ್ಲಿಗೆ ಕಲ್ಲು ಕೂರಿಸಿ ಗಾರೆಯಿಲ್ಲದೆ ಕಟ್ಟಿದ ಮೆಟ್ಟಿಲು ತೋಟಗಳಲ್ಲಿ ಆಲಿವ್ ಮರಗಳು, ಕಣಿವೆಯಲ್ಲಿ ಕಿತ್ತಳೆ. ರೈತರು ಶತಮಾನಗಳ ಕಾಲ ಕಟ್ಟಿದ ಆ ಕಟ್ಟೆ, ಕಾಲುವೆಗಳಿಗಾಗಿಯೇ ಯುನೆಸ್ಕೊ 2011ರಲ್ಲಿ ಆ ಸೀಮೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಸಾ ಕಲೋಬ್ರಾ ಎಂಬ ರಸ್ತೆಯುಂಟು. 1932ರಲ್ಲಿ ಪರಿಯೆತ್ತಿ ಎಂಬ ಎಂಜಿನಿಯರರು ಹಾಕಿದ್ದು. ಒಂದು ಕಡೆ ಅದು ಹಗ್ಗದ ಕುಣಿಕೆಯಂತೆ ಸುತ್ತಿ ತನ್ನ ಅಡಿಯಲ್ಲೇ ನುಸುಳಿ ಸಮುದ್ರಕ್ಕೆ ಇಳಿಯುತ್ತದೆ. ಇಳಿದವನು ಅದೇ ದಾರಿಯಲ್ಲಿ ಏರಿ ಬರಬೇಕು, ಬೇರೆ ರಸ್ತೆಯಿಲ್ಲ. ಆ ಏರಿಗಾಗಿಯೇ ಯುರೋಪಿನ ಸವಾರರು ಪ್ರತಿ ವಸಂತದಲ್ಲಿ ಹಿಂಡುಹಿಂಡಾಗಿ ಬರುತ್ತಾರೆ.

ನಮ್ಮಂತೆ ಅವರಿಗೂ ರೋಗದ ಕಾಟವಿದೆ. 2016ರಲ್ಲಿ ಕಾಣಿಸಿಕೊಂಡ ಒಂದು ಬ್ಯಾಕ್ಟೀರಿಯಾ ಆ ದ್ವೀಪದ ಬಾದಾಮಿ ತೋಟಗಳನ್ನು ಒಣಗಿಸಿದೆ. ಹಾಗಾದರೆ ಪ್ರವಾಸಿಗರ ಹಣದಿಂದ ಅಲ್ಲಿನ ಜನ ಸುಖವಾಗಿದ್ದಾರೆಯೆ? ಅದೂ ಇಲ್ಲ. ವರ್ಷಕ್ಕೆ ಬರುವವರ ಸಂಖ್ಯೆ ದ್ವೀಪದ ಜನಸಂಖ್ಯೆಯ ಹತ್ತು ಪಟ್ಟಿಗೂ ಹೆಚ್ಚು. ಬಾಡಿಗೆ ಏರಿ ಊರಿನವರಿಗೇ ಮನೆ ಸಿಗದಂತಾಗಿ, 2024ರಲ್ಲಿ ಸಾವಿರಾರು ಜನ ರಾಜಧಾನಿ ಪಾಲ್ಮಾದ ಬೀದಿಗಿಳಿದರು. ಎಲ್ಲ ಪ್ರವಾಸಿಗರೂ ಸೈಕಲ್ಲಿನವರಲ್ಲ, ನಿಜ. ಆದರೆ ಊರು ಹೋಟೆಲಾದ ಮೇಲೆ ಯಾವುದರಲ್ಲಿ ಬಂದರೇನು?

ಇದಕ್ಕೆ ಇಟಲಿಯವರು ಒಂದು ಕಟ್ಟುಪಾಡು ಮಾಡಿಕೊಂಡಿದ್ದಾರೆ. ಅಲ್ಲಿಯೂ ಸಾರ್ಡೀನಿಯಾ, ಸಿಸಿಲಿಯಂಥ ಬೆಟ್ಟದ ದ್ವೀಪಗಳಿವೆ. 1985ರಲ್ಲಿ ಬಂದ ಅಲ್ಲಿನ ಕಾನೂನಿನಂತೆ ರೈತ ತನ್ನ ಮನೆಯಲ್ಲಿ ಅತಿಥಿಗಳನ್ನು ಇರಿಸಿಕೊಂಡು ಊಟ ಹಾಕಬಹುದು, ಆದರೆ ಬೇಸಾಯವೇ ಮುಖ್ಯವಾಗಿರಬೇಕು. ಆತಿಥ್ಯ ಅದಕ್ಕೆ ಪೂರಕವಾಗಿರಬೇಕು. 2006ರ ಹೊಸ ಕಾನೂನಿನಲ್ಲಿಯೂ ಈ ತತ್ತ್ವ ಉಳಿದಿದೆ. ನಮ್ಮ ಸಂಘ ಸಾಲ ಕೊಡುವುದಾದರೆ ಈ ಒಂದು ಷರತ್ತನ್ನು ಹಾಗೆಯೇ ಎತ್ತಿಕೊಳ್ಳಬೇಕೆಂದು ನಾವು ಹೇಳುತ್ತೇವೆ. ಗುಡ್ಡ ಕಡಿದು ಕಟ್ಟುವ ಕಾಟೇಜಿಗೆ ಒಂದು ರೂಪಾಯಿಯೂ ಬೇಡ. ಜೋಡುಪಾಲ ನೋಡಿದ ಮೇಲೆಯೂ ಇಳಿಜಾರಿನಲ್ಲಿ ಜೆಸಿಬಿ ನಿಲ್ಲಿಸುವವರಿಗೆ ಸದಸ್ಯರ ಠೇವಣಿ ಹಣ ಏಕೆ ಕೊಡಬೇಕು? ಇರುವ ಮನೆಯ ಒಂದು ಕೋಣೆ, ಒಂದು ಶೌಚಾಲಯ ದುರಸ್ತಿಗೆ ಸಣ್ಣ ಸಾಲ ಕೊಡೋಣ. ಹಳದಿ ರೋಗ ಹಿಡಿದ ತೋಟದವರಿಗೆ ಮೊದಲು.

ಇನ್ನೊಂದು ಮಾತನ್ನು ಗಂಡಸರು ಕೇಳಿಸಿಕೊಳ್ಳಬೇಕು. ಸೈಕಲ್ ತುಳಿಯಲು ಹಿತವಾದ ಕಾಲ ನವೆಂಬರಿನಿಂದ ಫೆಬ್ರವರಿ. ಕಾಫಿ ಕೊಯ್ಲು, ಅಡಿಕೆ ಕೊಯ್ಲು, ಅಂಗಳದ ಕೆಲಸ ಎಲ್ಲವೂ ಅದೇ ತಿಂಗಳುಗಳಲ್ಲಿ. ಆಗ ಬಂದ ನಾಲ್ವರಿಗೆ ಗಂಜಿ ಬೇಯಿಸುವವರು ಯಾರು? ನಮಗೆ ಬೇಯಿಸಿ ಬಡಿಸಿದ ಆ ತಾಯಿ ಅಂದು ಬೆಳಗಿನಿಂದ ಅಂಗಳದಲ್ಲಿ ಅಡಿಕೆ ಹರವಿ, ಸಂಜೆ ರಾಶಿ ಮಾಡಿ ಒಳಬಂದವರು. ಆದ್ದರಿಂದ ಕೋಣೆಯ ಸಾಲವೂ ಅದರ ಉಳಿತಾಯ ಖಾತೆಯೂ ಮನೆಯಾಕೆಯ ಹೆಸರಿನಲ್ಲಿರಬೇಕು. ಈ ವಾರ ಅತಿಥಿಗಳು ಬೇಡವೆಂದು ಹೇಳುವ ಅಧಿಕಾರವೂ ಅವರದೇ. ದರವನ್ನು ಸಂಘವೇ ಗೊತ್ತುಮಾಡಿ ಬೋರ್ಡು ಹಾಕಿದರೆ "ಎಂತ ದುಡ್ಡು" ಎನ್ನುವ ದಾಕ್ಷಿಣ್ಯಕ್ಕೂ ಎಡೆಯಿರದು. ಪ್ರವಾಸೋದ್ಯಮ ಇಲಾಖೆಯ ನೋಂದಣಿ, ವಿದೇಶೀಯರು ತಂಗಿದರೆ ಕೊಡಬೇಕಾದ ಮಾಹಿತಿ ಮುಂತಾದ ಕಾಗದಪತ್ರದ ಕೆಲಸವನ್ನು ಸಂಘದ ಕಚೇರಿಯೇ ಮಾಡಿಕೊಡಲಿ.

ಹೆಮ್ಮಿಗೆಯ ನಮ್ಮ ಮನೆಗಳಲ್ಲಿ ಎರಡು ಕೋಣೆ ಈಗಲೇ ಸಿದ್ಧವಿದೆ. ರಸ್ತೆಯಂಚಿನ ಇತರ ಸದಸ್ಯರು ಸಭೆಗೆ ಮುಂಚೆ ಕಾರ್ಯದರ್ಶಿಗಳಲ್ಲಿ ಹೆಸರು ಬರೆಸಬೇಕಾಗಿ ವಿನಂತಿ. ಸಂಪಾಜೆಯ ಕಡೆಯ ಗೋದಾಮಿನಲ್ಲಿ ಒಂದು ಗಾಳಿ ಪಂಪು, ಪಂಕ್ಚರ್ ಸಾಮಾನು, ನಾಲ್ಕು ಜೊತೆ ಬ್ರೇಕು ರಬ್ಬರು ಇಡಲು ಆಗುವ ಖರ್ಚನ್ನು ನಾವು ನಾಲ್ವರೂ ಸೇರಿ ಕೊಡುತ್ತೇವೆ.