ವ್ಯಕ್ತಿ ಗೆದ್ದಾಗ ಗೆದ್ದ ದಳ

2023ರ ವಿಧಾನಸಭಾ ಚುನಾವಣೆಯಲ್ಲಿ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ನಾಲ್ಕೂ ಕಾಂಗ್ರೆಸ್ ಪಾಲಾದವು. ಜೆಡಿಎಸ್‌ಗೆ ಜಿಲ್ಲೆಯಲ್ಲಿ ದಕ್ಕಿದ್ದು ದೇವರಹಿಪ್ಪರಗಿ ಒಂದೇ. ರಾಜ್ಯದಲ್ಲೂ ಪಕ್ಷ 37ರಿಂದ 19 ಸ್ಥಾನಕ್ಕೆ ಇಳಿಯಿತು. ಆದರೆ ಈ ನಾಲ್ಕು ಕ್ಷೇತ್ರಗಳ ಕುಸಿತವನ್ನು ರಾಜ್ಯದ ಗಾಳಿಯ ಮೇಲೆ ಹಾಕಿ ಸುಮ್ಮನಾಗುವಂತಿಲ್ಲ.

ಒಂದು ಕಾಲಕ್ಕೆ ಇಲ್ಲಿ ದಳಕ್ಕೆ ಬೇರಿತ್ತು. 1994ರಲ್ಲಿ ಜನತಾದಳ 115 ಸ್ಥಾನ ಗೆದ್ದು ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾದಾಗ ಮುದ್ದೇಬಿಹಾಳದಿಂದ ವಿಮಲಾಬಾಯಿ ದೇಶಮುಖ, ಸಿಂದಗಿಯಿಂದ ಎಂ.ಸಿ. ಮನಗೂಳಿ ಶಾಸಕರಾಗಿದ್ದರು. ಸಿಂದಗಿಗೆ ನೀರು ಬರುವ ತನಕ ಚಪ್ಪಲಿ ಮೆಟ್ಟುವುದಿಲ್ಲವೆಂದು ಶಪಥ ಮಾಡಿ ಬರಿಗಾಲಲ್ಲಿ ತಿರುಗಿದವರು ಮನಗೂಳಿ. ಗುತ್ತಿ ಬಸವಣ್ಣ ಏತ ನೀರಾವರಿಗೆ ದೇವೇಗೌಡರು ಕೈಜೋಡಿಸಿದ್ದನ್ನು ಈ ಭಾಗದ ರೈತರು ಮರೆಯಲಿಲ್ಲ. ಸಿಂದಗಿ ತಾಲ್ಲೂಕಿನ ಗೋಲಗೇರಿಯಲ್ಲಿ ಗೌಡರ ಪುತ್ಥಳಿ ನಿಂತಿದೆ. ಗೌಡರ ತವರು ಹಾಸನದಿಂದ ಇಷ್ಟು ದೂರದ ಎರೆನೆಲದಲ್ಲಿ ಆ ಗೌರವ ತಂದುಕೊಟ್ಟದ್ದು ನೀರು.

1999ರಲ್ಲಿ ದಳ ಒಡೆದು, ಗೌಡರ ಬಣ ಜೆಡಿಎಸ್ ಆಯಿತು. ಆಮೇಲೆ ಇಲ್ಲಿ ಉಳಿದದ್ದು ಪಕ್ಷಕ್ಕಿಂತ ಹೆಚ್ಚಾಗಿ ಕೆಲವರ ವೈಯಕ್ತಿಕ ಬಲ. 2018ರ ಫಲಿತಾಂಶದಲ್ಲಿ ಆ ಬಲವೂ ಅದರ ಮಿತಿಯೂ ಎದ್ದು ಕಂಡವು. ಸಿಂದಗಿಯಲ್ಲಿ ಮನಗೂಳಿ 70,865 ಮತ ಪಡೆದು ಗೆದ್ದು, ಮೈತ್ರಿ ಸರ್ಕಾರದಲ್ಲಿ ತೋಟಗಾರಿಕೆ ಸಚಿವರಾದರು. ಬಸವನಬಾಗೇವಾಡಿಯಲ್ಲಿ ಕಾಂಗ್ರೆಸ್ಸಿನ ಶಿವಾನಂದ ಪಾಟೀಲರ ಎದುರು ಜೆಡಿಎಸ್‌ನ ಅಪ್ಪುಗೌಡ ಪಾಟೀಲ ಮನಗೂಳಿ ಸೋತದ್ದು ಕೇವಲ 3,186 ಮತಗಳಿಂದ. ಇಂಡಿಯಲ್ಲಿ ಬಿ.ಡಿ. ಪಾಟೀಲ 9,938 ಮತಗಳಿಂದ ಹಿಂದೆ ಬಿದ್ದರು. ಮುದ್ದೇಬಿಹಾಳದಲ್ಲಿ ಮಾತ್ರ ಕಣ ಆಗಲೇ ಬಿಜೆಪಿಯ ಎ.ಎಸ್. ಪಾಟೀಲ ನಡಹಳ್ಳಿ, ಕಾಂಗ್ರೆಸ್ಸಿನ ಸಿ.ಎಸ್. ನಾಡಗೌಡರ ನೇರ ಹಣಾಹಣಿಯಾಗಿತ್ತು.

2021ರ ಜನವರಿಯಲ್ಲಿ ಮನಗೂಳಿ ತೀರಿಕೊಂಡರು. ಪುತ್ರ ಅಶೋಕ ಮನಗೂಳಿ ಕಾಂಗ್ರೆಸ್ ಸೇರಿದರು. ಅದೇ ಅಕ್ಟೋಬರಿನ ಉಪಚುನಾವಣೆಯಲ್ಲಿ ಬಿಜೆಪಿಯ ರಮೇಶ ಭೂಸನೂರ ಗೆದ್ದರು. ಜೆಡಿಎಸ್‌ಗೆ ಬಿದ್ದ ಮತ 4,353. ಮೂರೂವರೆ ವರ್ಷದ ಹಿಂದೆ ಎಪ್ಪತ್ತು ಸಾವಿರ ಮತ ಕೊಟ್ಟ ಕ್ಷೇತ್ರದಲ್ಲಿ ಪಕ್ಷದ್ದೇ ಎನ್ನಬಹುದಾದ ಮತ ಎಷ್ಟಿತ್ತೆಂಬುದನ್ನು ಈ ಅಂಕಿ ಮುಚ್ಚುಮರೆಯಿಲ್ಲದೆ ಹೇಳಿತು. 2023ರಲ್ಲಿ ಅಶೋಕ ಕಾಂಗ್ರೆಸ್ಸಿನಿಂದ ಶಾಸಕರಾದರು. ಬಸವನಬಾಗೇವಾಡಿಯಲ್ಲಿ ಎರಡನೇ ಸ್ಥಾನವೂ ಬಿಜೆಪಿಯ ಎಸ್.ಕೆ. ಬೆಳ್ಳುಬ್ಬಿ ಅವರಿಗೆ ಹೋಯಿತು. ಇಂಡಿಯಲ್ಲಿ ಮಾತ್ರ ಬಿ.ಡಿ. ಪಾಟೀಲ 61,456 ಮತ ಪಡೆದು ಬಿಜೆಪಿಯನ್ನು ಮೂರನೇ ಸ್ಥಾನಕ್ಕೆ ತಳ್ಳಿದರು. ಅಲ್ಲೂ ಗೆದ್ದ ಕಾಂಗ್ರೆಸ್ಸಿನ ಯಶವಂತರಾಯಗೌಡ ಪಾಟೀಲರಿಗಿಂತ 10,329 ಮತ ಕಡಿಮೆ.

ಜೆಡಿಎಸ್ ಇಲ್ಲಿ ಮುಖಂಡರನ್ನು ಹುಡುಕಿತು, ಕಾರ್ಯಕರ್ತರನ್ನು ಬೆಳೆಸಲಿಲ್ಲ. ಟಿಕೆಟ್ ಕೊಟ್ಟಾಗ ಚಿಗುರಿದ ಪಕ್ಷ, ಅಭ್ಯರ್ಥಿ ಸೋತಾಗ ಅಥವಾ ಮನೆತನ ಪಕ್ಷ ಬಿಟ್ಟಾಗ ಬರಿದಾಯಿತು. ಸಿಂದಗಿಯಲ್ಲಿ ಜನ ಪಕ್ಷವನ್ನು ಹಚ್ಚಿಕೊಂಡದ್ದೇ ನೀರಿಗಾಗಿ. ಕಾಲುವೆಯ ತುದಿಯ ಹೊಲಕ್ಕೆ ನೀರು ಮುಟ್ಟಿತೇ, ಇಂಡಿಯ ಲಿಂಬೆ ಬೆಳೆಗಾರ ಬೇಸಿಗೆ ದಾಟುತ್ತಾನೆಯೇ ಎಂದು ವರ್ಷವಿಡೀ ಕೇಳುವ ಸಂಘಟನೆ ಇದ್ದಿದ್ದರೆ ಮನಗೂಳಿ ಗಳಿಸಿದ ವಿಶ್ವಾಸ ಅವರ ನಂತರವೂ ಪಕ್ಷಕ್ಕೆ ಉಳಿಯುತ್ತಿತ್ತು.

2023ರ ಸೆಪ್ಟೆಂಬರಿನಲ್ಲಿ ಪಕ್ಷ ಎನ್‌ಡಿಎ ಸೇರಿತು. ಇದರಿಂದ ಇಂಡಿಯಂಥ ಕಡೆ ಕಾಂಗ್ರೆಸ್ ವಿರೋಧಿ ಮತ ಒಗ್ಗೂಡಬಹುದು. ಆದರೆ ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳಲ್ಲಿ ಬಿಜೆಪಿಯೇ ಎರಡನೇ ಶಕ್ತಿ. ಅಲ್ಲಿ ಸ್ವಂತ ನೆಲೆಯಿಲ್ಲದೆ ಹೊಂದಾಣಿಕೆಗೆ ಕುಳಿತರೆ ಕೇಳುವ ಬಾಯಿಯೇ ಇರುವುದಿಲ್ಲ. ಪ್ರಾದೇಶಿಕ ಪಕ್ಷವೊಂದು ಹಳೆ ಮೈಸೂರಿಗೆ ಕುಗ್ಗಿದರೆ ನಷ್ಟ ಉತ್ತರ ಕರ್ನಾಟಕಕ್ಕೂ ಇದೆ. ಕೃಷ್ಣೆಯ ನೀರಿನ ಬಗ್ಗೆ ದೆಹಲಿಯ ಅಪ್ಪಣೆ ಕಾಯದೆ ಮಾತಾಡಬಲ್ಲ ದನಿಯೊಂದು ಕಡಿಮೆಯಾಗುತ್ತದೆ.

ತಿದ್ದಿಕೊಳ್ಳಲು ವಿಧಾನಸಭಾ ಚುನಾವಣೆಯನ್ನೇ ಕಾಯಬೇಕಿಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು, ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತ ಬಂದಿದೆ. ಅದನ್ನು ನಡೆಸಿರೆಂದು ಪಕ್ಷ ಬೀದಿಗಿಳಿಯಬೇಕು. ನಡೆದಾಗ ಈ ನಾಲ್ಕೂ ಕಡೆ ದೊಡ್ಡ ಮನೆತನಗಳ ಬಾಗಿಲು ಕಾಯದೆ, ಊರೂರಿನ ರೈತರನ್ನೂ ಮಹಿಳೆಯರನ್ನೂ ತೆನೆ ಹೊತ್ತ ಮಹಿಳೆಯ ಚಿಹ್ನೆಯಡಿ ಕಣಕ್ಕಿಳಿಸಬೇಕು.